ಕಾಲ್ಡರನ ಗಂಟಲು ನಮ್ಮ ಮನೆಯಲ್ಲಿತ್ತು

ವಾರ್ಡ್ ಕಾಲ್ಡರ್ ಎಂಬ ಅಮೆರಿಕದ ನಾಯಕನಟನಿಗೆ ಇಟಲಿಯ ಹೆಂಗಸರೆಲ್ಲ ಮರುಳಾಗಿದ್ದ ಕಾಲ ಒಂದಿತ್ತು. ಮುಖ ಅವನದೇ, ಸುಳ್ಳು ಹೇಳಬಾರದು. ಆರಡಿಗೆ ಮೀರಿದ ಎತ್ತರ, ಹಣೆಯ ಮೇಲೊಂದು ತುಂಟ ಕುರುಳು, ಬಾಗಿಲಿಗೆ ಒರಗಿ ನಿಂತರೆ ಆ ಬಾಗಿಲಿಗೇ ಬೆಲೆ ಬರಬೇಕು. ಆದರೆ ಆ ಬಾಯಿಂದ ಬರುತ್ತಿದ್ದ ದನಿ ನನ್ನ ಗಂಡನದು. ನನ್ನ ಗಂಡ ನಾಂದೊ ಚೆಕ್ಕರೆಲ್ಲಿ ನನಗಿಂತ ಗಿಡ್ಡ. ಮದುವೆಯ ದಿನವೇ ಅವನ ತಲೆ ಬೋಳಾಗಲು ಶುರುವಾಗಿತ್ತು. ರೋಮಿನ ತೆಸ್ತಾಚ್ಚೊ ಕೇರಿಯಲ್ಲಿ, ಕಸಾಯಿಖಾನೆಯ ಹಿಂದಿನ ಬೀದಿಯಲ್ಲಿ ಹುಟ್ಟಿ ಬೆಳೆದವನು.

ಮೊದಲು ಅವನು ಟ್ರಾಮಿನ ಕಂಡಕ್ಟರ್. ನಿಲ್ದಾಣದ ಹೆಸರು ಕೂಗಿದರೆ ಯಾರೋ ಕಿವಿಯಲ್ಲಿ ಗುಟ್ಟು ಹೇಳಿದ ಹಾಗಿರುತ್ತಿತ್ತು. ಹೆಂಗಸರು ಇಳಿಯುವುದನ್ನೇ ಮರೆಯುತ್ತಿದ್ದರು. ನಾನೂ ಹಾಗೆ ಮರೆತು ಕೊನೆಯ ನಿಲ್ದಾಣದವರೆಗೂ ಹೋದವಳೇ. ಅದರ ಫಲವನ್ನು ಇಂದಿಗೂ ಉಣ್ಣುತ್ತಿದ್ದೇನೆ. ಒಂದು ದಿನ ಅದೇ ಟ್ರಾಮಿಗೆ ಸ್ಪಾದಾ ಎಂಬಾತ ಹತ್ತಿದ. ಹೊರದೇಶದ ಸಿನಿಮಾಗಳಿಗೆ ನಮ್ಮ ಭಾಷೆಯ ಮಾತು ಕೂರಿಸುವ ನಿರ್ದೇಶಕ. ಅವನೂ ತನ್ನ ನಿಲ್ದಾಣ ಮರೆತ. ಮಾರನೆಯ ವಾರ ನಾಂದೊ ಟ್ರಾಮಿನ ಟೋಪಿ ವಾಪಸು ಕೊಟ್ಟು ಬಂದ.

ಕೆಲಸ ನಡೆಯುತ್ತಿದ್ದ ರೀತಿ ಹೀಗೆ: ಸಿನಿಮಾವನ್ನು ಚೂರು ಚೂರು ಕತ್ತರಿಸಿ, ಪ್ರತಿ ಚೂರಿನ ತಲೆಬಾಲ ಅಂಟಿಸಿ ಉಂಗುರ ಮಾಡುತ್ತಾರೆ. ಕತ್ತಲೆ ಕೋಣೆಯಲ್ಲಿ ಆ ಉಂಗುರ ಸುತ್ತುತ್ತಲೇ ಇರುತ್ತದೆ. ನಾಯಕ ಅದೇ ಬಾಗಿಲು ತೆಗೆಯುತ್ತಾನೆ, ಅದೇ ಮಾತಾಡುತ್ತಾನೆ, ಮತ್ತೆ ತೆಗೆಯುತ್ತಾನೆ. ತುಟಿಗೂ ಮಾತಿಗೂ ತಾಳೆಯಾಗುವವರೆಗೆ ಬಿಡುಗಡೆಯಿಲ್ಲ. ಕಾಲ್ಡರ್ ನಾಯಕಿಗೆ ಮುತ್ತಿಟ್ಟರೆ ನಾಂದೊ ತನ್ನ ಮುಂಗೈಗೇ ಮುತ್ತಿಡಬೇಕು. ಇಂಗ್ಲಿಷ್ ಒಂದಕ್ಷರ ಬಾರದು, ಆದರೆ ಆ ತುಟಿ ಬಾಯಿಪಾಠ. ಅದು ಯಾವಾಗ ನಡುಗುತ್ತದೆ, ಯಾವಾಗ ನಗು ನುಂಗುತ್ತದೆ ಎಂಬುದು ಕಾಲ್ಡರನ ಹೆತ್ತ ತಾಯಿಗೂ ಅಷ್ಟು ಗೊತ್ತಿರಲಿಕ್ಕಿಲ್ಲ.

ನಮ್ಮಲ್ಲಿ ಒಬ್ಬ ನಟನಿಗೆ ಒಂದೇ ಗಂಟಲು. ಒಮ್ಮೆ ಕಿವಿಗೆ ಒಗ್ಗಿದ ಮೇಲೆ ಜನ ಬೇರೆಯದನ್ನು ಒಪ್ಪುವುದಿಲ್ಲ. ಹಾಗಾಗಿ ಕಾಲ್ಡರನ ಬದುಕೇ ನಮ್ಮ ಮನೆಯ ಪಂಚಾಂಗ. ತೆರೆಯ ಮೇಲೆ ಅವನು ವಿಮಾನ ಓಡಿಸುವವನಾದಾಗ ನನ್ನ ಗಂಡ ಅಡುಗೆಮನೆಗೂ ಎದೆ ಸೆಟೆಸಿಕೊಂಡು ಬರುತ್ತಿದ್ದ. ಅವನು ಸ್ಟುಡಿಯೊ ಯಜಮಾನರ ಜೊತೆ ಜಗಳವಾಡಿ ಚಿತ್ರವಿಲ್ಲದೆ ಕೂತಾಗ ಇವನಿಗೆ ಊಟ ಸೇರುತ್ತಿರಲಿಲ್ಲ. ಕಾಲ್ಡರ್ ಎರಡನೇ ಹೆಂಡತಿಯನ್ನು ಬಿಟ್ಟ ಸುದ್ದಿ ಬಂದಾಗಲಂತೂ ಕೆಳಗಿನ ಮನೆಯ ಅಸ್ಸುಂತಕ್ಕ, ಮಾರುಕಟ್ಟೆಯಲ್ಲಿ ದನದ ಬೋಟಿ ಮಾರುವವಳು, ಮೆಟ್ಟಿಲ ಮೇಲೆ ನನ್ನನ್ನು ತಡೆದು ನಿಲ್ಲಿಸಿದಳು.

"ಯೊಲಾಂದಾ, ಸ್ವಲ್ಪ ಹುಷಾರಾಗಿರೇ. ಇಂಥ ಕಾಯಿಲೆ ಅಂಟುತ್ತೆ."

"ಬಿಡೋದಾದ್ರೆ ಬಿಡ್ಲಿ ಅಕ್ಕಾ. ಅವನ ಬನೀನು ಒಗೆಯೋಕೆ ಯಾವಳು ಬರ್ತಾಳೆ ನೋಡೋಣ," ಅಂದೆ.

ಐವತ್ತರ ದಶಕ ಮುಗಿಯುತ್ತ ಬಂದಾಗ ಕಾಲ್ಡರ್ ರೋಮಿಗೇ ಬಂದ. ಇಲ್ಲಿಯ ಸ್ಟುಡಿಯೊದಲ್ಲಿ ಒಂದು ಚಿತ್ರ, ಮಗನೊಬ್ಬ ಬಹಳ ವರ್ಷದ ಮೇಲೆ ಅಪ್ಪನ ಹತ್ತಿರ ಹಿಂತಿರುಗುವ ಕತೆ. ಊರಿನವರ ಪ್ರೀತಿ ನೋಡಿ ಅವನಿಗೆ ಕರುಳು ಕರಗಿತಂತೆ. ಇಟಲಿಯ ಜನರೊಂದಿಗೆ ಈ ಸಲ ನಾನೇ ಅವರ ಭಾಷೆಯಲ್ಲಿ ಮಾತಾಡುತ್ತೇನೆ, ನನಗೆ ಕಲಿಸುವವರು ಬೇಕು ಅಂದ. ಸ್ಪಾದಾ ಯಾರನ್ನು ಗೊತ್ತುಮಾಡಿದ ಹೇಳಿ? ನನ್ನ ಗಂಡನನ್ನೇ. ಈ ಚಿತ್ರ ಗೆದ್ದರೆ ಕಾಲ್ಡರನಿಗೆ ನಾಂದೊ ಮತ್ತೆ ಬೇಡ ಎಂಬುದು ಸ್ಪಾದಾಗೂ ನನ್ನ ಗಂಡನಿಗೂ ಗೊತ್ತಿತ್ತು. ಇವನೂ ಸುಮ್ಮನೆ ತಲೆಯಾಡಿಸಿ ಬಂದ!

"ಕೂತ ಕೊಂಬೇನ ನೀನೇ ಕಡೀತೀಯಲ್ಲೋ! ಹೋಗ್ಲಿ, ತಪ್ಪುತಪ್ಪಾಗಿ ಕಲಿಸು. ಎರಡು ದಿನಕ್ಕೆ ಅವನೇ ಬೇಡ ಅಂತಾನೆ," ಅಂದೆ.

ನಾಂದೊ ಕೋಟು ಬಿಚ್ಚಿ ಗೂಟಕ್ಕೆ ಹಾಕಿದ. ಆಮೇಲೆ ಹೇಳಿದ, "ಹನ್ನೆರಡು ವರ್ಷ ಆ ಬಾಯಲ್ಲಿ ಮಾತಾಡಿದೀನಿ ಕಣೇ. ಆ ಬಾಯಿಗೇ ಮೋಸ ಮಾಡ್ಲಾ?"

ಪಾತ್ರೆ ಕುಕ್ಕಿದೆ, ಅಷ್ಟೆ.

ಒಂದು ಗುರುವಾರ ಕಾಲ್ಡರ್ ನಮ್ಮ ಮನೆಗೇ ಪಾಠಕ್ಕೆ ಬಂದ. ಗುರುವಾರವೆಂದರೆ ರೋಮಿನಲ್ಲಿ ಆಲೂಗಡ್ಡೆ ಕಡುಬಿನ ದಿನ, ನನ್ನ ಕೈಯೆಲ್ಲ ಹಿಟ್ಟು. ಬಾಗಿಲಲ್ಲಿ ಆ ಮುಖ ನಿಂತಿತು, ಕುರುಳು ಸಮೇತ. ಹಿಟ್ಟಿನ ಕೈಯಲ್ಲೇ ಕೂದಲು ಸರಿಮಾಡಿಕೊಂಡದ್ದು ನಿಜ. ಆಮೇಲೆ ಅವನು ಬಾಯಿ ತೆರೆದ.

"ನಮಸ್ಕಾರ ಅಮ್ಮಾವ್ರೇ. ನಾನು... ಹಸಿವು ಇದೆ."

ಮಡೋನ್ನಾ ತಾಯೀ! ಅಷ್ಟು ದೊಡ್ಡ ಆಳಿನೊಳಗಿಂದ ನೆಗಡಿಯಾದ ಮೇಕೆಯ ದನಿ. ಹಿಟ್ಟು ಮೆತ್ತಿದ ಅಡುಗೆ ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡು ನಕ್ಕೆ. ಅವನೂ ನಕ್ಕ, ಪಾಪ. ಅವನನ್ನು ದ್ವೇಷಿಸಬೇಕೆಂದು ನಿಶ್ಚಯಿಸಿದ್ದೆ. ಅಂಗಿಯ ತೋಳು ಮಡಚಿ ನನ್ನ ಪಕ್ಕ ನಿಂತು ಕಡುಬು ಒತ್ತತೊಡಗಿದ ಮೇಲೆ ಆ ನಿಶ್ಚಯ ಎಲ್ಲಿ ಉಳಿಯಬೇಕು? ಊಟವಾದ ಮೇಲೆ ಇಬ್ಬರೂ ಮೇಜಿನ ಬಳಿ ಕೂತು, ಅಪ್ಪನ ಮುಂದೆ ಮಗ ಕ್ಷಮೆ ಕೇಳುವ ಮಾತನ್ನು ಹೇಳಿದರು, ಮತ್ತೆ ಹೇಳಿದರು. ಅಂದಿನಿಂದ ಪ್ರತಿ ಗುರುವಾರವೂ ಇದೇ ಪಾಠ. ನನ್ನ ಗಂಡ ತನಗೆ ಗೊತ್ತಿದ್ದುದರಲ್ಲಿ ಒಂದು ಎಳೆಯನ್ನೂ ಮುಚ್ಚಿಡದೆ ಕಲಿಸಿದ. ನೋಡಿ ಹೊಟ್ಟೆ ಉರಿಯಿತು. ಹೆಮ್ಮೆಯೂ ಆಯಿತು.

ಚಿತ್ರ ಸಿದ್ಧವಾದಾಗ, ಜನರ ನಾಡಿ ನೋಡೋಣವೆಂದು ಸ್ಪಾದಾ ಒಂದು ಭಾನುವಾರ ಮಧ್ಯಾಹ್ನ ನಮ್ಮ ಕೇರಿಯ ಟಾಕೀಸಿನಲ್ಲೇ ತೋರಿಸಿದ. ಯಾರು ಮಾತಾಡಿದ್ದಾರೆಂದು ಜನಕ್ಕೆ ಹೇಳಿರಲಿಲ್ಲ. ಹಿಂದಿನ ಸಾಲಿನಲ್ಲಿ ನಾನು, ನಾಂದೊ, ನಮ್ಮ ನಡುವೆ ಟೋಪಿ ಕೆಳಗೆಳೆದುಕೊಂಡ ಕಾಲ್ಡರ್. ತೆಸ್ತಾಚ್ಚೊದವರು ಸಿನಿಮಾ ನೋಡುವವರಲ್ಲ, ಅದರ ಜೊತೆ ಹರಟುವವರು. ಕಾಲ್ಡರ್ ತೆರೆಯ ಮೇಲೆ ಬಂದ, ಶಿಳ್ಳೆ. ಬಾಯಿ ತೆರೆದ, ಸದ್ದಡಗಿತು.

"ಯಾರೋ ಇವನು?" ಅಂತ ಮುಂದಿನಿಂದ ಒಬ್ಬ.

"ಪಾಪ ಕಣ್ರೋ ಕಾಲ್ಡರ್! ಯಾವನ ಗಂಟಲು ತಂದು ತುರುಕಿದಾರೋ!"

ಅಸ್ಸುಂತಕ್ಕ ಎದ್ದೇ ನಿಂತಳು. "ನಮ್ಮ ನಾಂದೊನ ತೆಗೆದು ಯಾವ ಮೇಕೇನ ಹಿಡ್ಕೊಂಡು ಬಂದ್ರಿ? ಆ ಅಮೆರಿಕದವನಿಗೆ ಗೊತ್ತಾದ್ರೆ ನಿಮ್ಮನ್ನೆಲ್ಲ ಜೈಲಿಗೆ ಹಾಕಿಸ್ತಾನೆ! ಕಾಲ್ಡರ್ ದನಿ ಕಾಲ್ಡರ್‌ಗೆ ಕೊಡ್ರಿ!"

"ಕಾಲ್ಡರ್ ದನಿ ಕೊಡ್ರಿ!" ಇಡೀ ಟಾಕೀಸು ಕಾಲು ಬಡಿಯಿತು. ತೆರೆಯತ್ತ ಬೀಜದ ಸಿಪ್ಪೆ ಹಾರಿತು.

ನನಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷ. ಪಕ್ಕಕ್ಕೆ ನೋಡಿದೆ. ಕಾಲ್ಡರನ ದೊಡ್ಡ ಕೈಗಳು ಮಡಿಲಲ್ಲಿ ಸತ್ತುಬಿದ್ದಿದ್ದವು. ಸಂತೋಷ ಅಲ್ಲೇ ಕರಗಿತು. ಅಷ್ಟರಲ್ಲಿ ನನ್ನ ಗಂಡ ಬೆಂಚಿನ ಮೇಲೆ ಹತ್ತಿ ನಿಂತ.

"ಸುಮ್ಮನಿರಿ!" ಅಂತ ಕೂಗಿದ. "ಅದು ಅವನದೇ ದನಿ! ಕಷ್ಟಪಟ್ಟು ಕಲಿತಿದಾನೆ, ನಿಮಗೋಸ್ಕರ ಕಲಿತಿದಾನೆ. ಸ್ವಲ್ಪ ಮರ್ಯಾದೆ ಕೊಟ್ಟು ಕೇಳಿ!"

ತಲೆಗಳೆಲ್ಲ ಹಿಂದಕ್ಕೆ ತಿರುಗಿದವು. ಆಮೇಲೆ ಮೇಲಂತಸ್ತಿನಿಂದ ಒಬ್ಬ, "ಅಗೋ, ಬಂದ ನೋಡ್ರೋ ಕಾಲ್ಡರ್!" ಅಂದ. ಚಪ್ಪಾಳೆ, ಕೇಕೆ. "ಇನ್ನೊಂದ್ಸಲ ಬೈಯೋ ಕಾಲ್ಡರ್!" ಪಾಪ, ನನ್ನ ಗಂಡ ಯಾರ ಪರವಾಗಿ ವಾದಿಸಲು ಎದ್ದನೋ ಅವನ ಕೇಸನ್ನು ಬಾಯಿ ತೆರೆದೇ ಸೋಲಿಸಿದ. ನಾಂದೊ ಬೆಂಚಿನಿಂದ ಇಳಿದು ಮುಖ ಮುಚ್ಚಿಕೊಂಡ. ಕಾಲ್ಡರ್ ಎದ್ದು ಹೊರಗೆ ಹೋದ.

ಮಾತನ್ನೆಲ್ಲ ಹೊಸದಾಗಿ ಕೂರಿಸಬೇಕೆಂದು ಸ್ಪಾದಾ ಸೋಮವಾರ ಹೇಳಿಕಳಿಸಿದ. ನಾಂದೊ ಹಾಸಿಗೆ ಬಿಟ್ಟು ಏಳಲಿಲ್ಲ. "ಅವನ ಮುಂದೆ ಯಾವ ಮುಖ ಇಟ್ಕೊಂಡು ಹೋಗ್ಲಿ? ಅವನು ಜನಕ್ಕೆ ಕೊಡೋಕೆ ಬಂದಿದ್ದನ್ನ ನಾನು ಕಿತ್ಕೊಂಡ ಹಾಗಾಯ್ತು," ಅಂದ. ನಾನೇ ಕೋಟು ತೊಡಿಸಿ, ರಟ್ಟೆ ಹಿಡಿದು ಕರೆದುಕೊಂಡು ಹೋದೆ. ಕತ್ತಲೆ ಕೋಣೆಯ ಮೂಲೆಯಲ್ಲಿ ಕಾಲ್ಡರ್ ಆಗಲೇ ಕೂತಿದ್ದ.

ಉಂಗುರ ಸುತ್ತಿತು. ಅಪ್ಪನ ಮುಂದೆ ಮಗ ಬಾಯಿ ತೆರೆದ. ನಾಂದೊನ ಗಂಟಲಿಂದ ಸೊಲ್ಲೇ ಬರಲಿಲ್ಲ. ಮತ್ತೆ ಸುತ್ತಿತು, ಮತ್ತೆ ಮೌನ. ಸ್ಪಾದಾ ಹಣೆ ಚಚ್ಚಿಕೊಂಡ.

ಆಗ ಕಾಲ್ಡರ್ ಎದ್ದು ಬಂದ. ತೆರೆಗೂ ನಾಂದೊನಿಗೂ ನಡುವೆ, ಮೈಕಿನ ಆಚೆ ನಿಂತ. ನಾಂದೊನ ಮುಖ ಕಾಣಲೆಂದು ಆರಡಿಯ ಆಳು ಮಂಡಿಯೂರಿ ಕೂತ. ಉಂಗುರ ಸುತ್ತಿದಾಗ ಅದೇ ದೃಶ್ಯವನ್ನು ಇವನೆದುರು ಅಭಿನಯಿಸಿದ, ಬರೀ ತುಟಿಯಲ್ಲಿ, ಒಂದಿಷ್ಟೂ ಸದ್ದಿಲ್ಲದೆ. ನಾಂದೊ ತೆರೆಯತ್ತ ನೋಡಲೇ ಇಲ್ಲ. ಆ ಜೀವಂತ ತುಟಿ ನಡುಗಿತು, ಇವನು ಮಾತಾಡಿದ.

"ಅಪ್ಪಾ, ತಡವಾಯ್ತು. ಒಳಗೆ ಬರ್ಲಾ?"

ಎಷ್ಟೋ ಗುರುವಾರ ಅಡುಗೆಮನೆಯಲ್ಲಿ ಕೇಳಿ ಬೇಸತ್ತಿದ್ದ ಮಾತು ಅದು. ನನಗೆ ಅಳು ಬಂತು. ಸ್ಪಾದಾ "ಆಯ್ತು" ಅನ್ನುವುದನ್ನೂ ಮರೆತ. ಕಾಲ್ಡರ್ ಮಂಡಿಯ ಮೇಲೇ ಕೂತಿದ್ದ, ಕಣ್ಣು ಒರೆಸಿಕೊಳ್ಳಲೂ ಇಲ್ಲ.

"ನಾಂದೊ," ಅಂದ, ಆ ತೆಳ್ಳನೆ ದನಿಯಲ್ಲಿ, "ನಾನು ಇಷ್ಟು ಒಳ್ಳೆ ನಟ ಅಂತ ನನಗೆ ಯಾರೂ ಹೇಳೇ ಇರ್ಲಿಲ್ಲ."