ಭಾವಿಕೇರಿಯಲ್ಲಿ ಸುಮ್ಮನೆ ನಡೆಯುವುದು

ಭಾವಿಕೇರಿಯ ಸೋಮು ನಾಯಕರು ಅಂಕೋಲೆಯ ಒಂದು ಹೈಸ್ಕೂಲಿನಲ್ಲಿ ಗುಮಾಸ್ತರು. ಒಂದು ಮಧ್ಯಾಹ್ನ ಮೆಟ್ಟಿಲು ಹತ್ತುವಾಗ ಎದೆ ಹಿಂಡಿದಂತಾಗಿ ಅಲ್ಲೇ ಕೂತುಬಿಟ್ಟರು. ಗ್ಯಾಸು ಎಂದುಕೊಂಡು ಸೋಡಾ ಕುಡಿದರು. ಹೃದಯದ ರಕ್ತನಾಳವೇ ಕಟ್ಟಿಕೊಂಡಿದೆ ಎಂಬುದು ಆಸ್ಪತ್ರೆಯಲ್ಲಿ ತಿಳಿಯಿತು. ಸ್ಟೆಂಟ್ ಹಾಕಿದ ಡಾಕ್ಟರು, "ಮಾತ್ರೆ ಒಂದು ದಿನವೂ ತಪ್ಪಿಸಬೇಡಿ. ದಿನಾ ಚುರುಕಾಗಿ ನಡೀರಿ. ಎದೆ ನೋವು ಬಂದರೆ ನಿಲ್ಲಿ, ನಮಗೆ ತಿಳಿಸಿ," ಎಂದು ಕಳಿಸಿದರು.

ಮಾತ್ರೆ ಸುಲಭವಾಯಿತು. ಹೆಂಡತಿ ಕಲಾವತಿ ನುಂಗಿಸಿದ ಮೇಲೂ "ಬಾಯಿ ತೆಗೀರಿ" ಎಂದು ನಾಲಿಗೆ ಎತ್ತಿಸಿ ನೋಡುತ್ತಿದ್ದರು. ಕಷ್ಟವಾದದ್ದು ನಡಿಗೆ. ಕೆಲಸವಿಲ್ಲದೆ ರಸ್ತೆಯಲ್ಲಿ ನಡೆಯುವ ರೂಢಿ ಆ ಕೇರಿಯಲ್ಲಿ ಇರಲೇ ಇಲ್ಲ. ಮೊದಲ ದಿನ ಗೇಟು ದಾಟಿದ್ದೇ ತಡ, ಪಕ್ಕದ ಮನೆಯ ರೂಪೇಶ ಬೈಕು ನಿಲ್ಲಿಸಿದ.

"ಎಲ್ಲೋಗ್ತ್ರಿ ಸೋಮಣ್ಣ? ಹತ್ತಿ."

"ಎಲ್ಲೂ ಇಲ್ವೋ. ಸುಮ್ನೆ ನಡೀತೆ."

"ಸುಮ್ನೆ ಯಾರು ನಡೀತ್ರು? ನಾಚ್ಕಬೇಡಿ, ಹತ್ತಿ!"

ಹಾರ್ಟಿನ ಸಂಗತಿ ಊರವರಿಗೆ ಹೇಳಿರದ, ಇಲ್ಲ ಎನ್ನಲೂ ಬಾರದ ಸೋಮು ಹತ್ತಿದರು. ಅಂಕೋಲೆ ಪೇಟೆಯಲ್ಲಿ ಇಳಿದು, ಮನೆಗೆ ಬರಲು ಬಸ್ಸು ಕಾದರು. ಮರುದಿನ ಮೀನಿನ ವ್ಯಾನು, ಅದರ ಮರುದಿನ ಟ್ರ್ಯಾಕ್ಟರು. ಅರ್ಧ ತಾಲೂಕು ತಿರುಗಿದ್ದಾಯಿತು. ನಡೆದದ್ದು ಮಾತ್ರ ಗೇಟಿನವರೆಗೆ.

ಕೊನೆಗೆ ಬೆಳಕು ಹರಿಯುವ ಮೊದಲೇ, ಗಾಡಿ ಬಾರದ ಗದ್ದೆಯ ಬದುವಿನ ಮೇಲೆ ನಡೆಯತೊಡಗಿದರು. ಕಂಡವರು, ಹೆಂಡತಿ ಇವರನ್ನು ದಿನಾ ಹೊರಗೆ ಹಾಕುತ್ತಾಳೆ ಎಂದುಕೊಂಡರು. ಸುದ್ದಿ ಸುಂಕಸಾಳಕ್ಕೂ ಮುಟ್ಟಿತು. ಅಲ್ಲಿದ್ದ ಅವರ ಅಕ್ಕ ಹೊನ್ನು, ರಾಜಿ ಮಾಡಿಸಲು ಹಲಸಿನ ಹಣ್ಣಿನ ಸಮೇತ ಬಂದಿಳಿದರು.

"ಏ ಕಲಾವತಿ, ನನ್ನ ತಮ್ಮ ಬೆಳಗಾದ್ರೆ ಮನೆ ಬಿಟ್ಟು ಓಡೂ ಹಂಗೆ ಎಂತಾ ಮಾಡ್ದೆ?"

ಕಲಾವತಿ ಮಾತ್ರೆ ಡಬ್ಬಿ ತಂದು ಹೊನ್ನಕ್ಕನ ಮಡಿಲಿಗೆ ಹಾಕಿದರು. "ಹಾರ್ಟಿಗೆ ಒಳ್ಳೇದು ಅಂತ ನಡೀತ್ರು, ಅಕ್ಕಾ. ಓಡ್ಹೋಗೂರಾದ್ರೆ ದೋಸೆ ಹೊತ್ತಿಗೆ ಸರೀ ಬರ್ತಿದ್ರಾ?"

ಹೊನ್ನಕ್ಕ ತಮ್ಮನನ್ನು ಮೇಲಿಂದ ಕೆಳಗೆ ನೋಡಿದರು. "ಗಟ್ಟಿ ಇದ್ಯಲ್ಲೋ! ಮತ್ತೆಂತಕ್ಕೆ ಮಾತ್ರೆ? ನಿಲ್ಸು."

"ಮಾತ್ರೆ ತಿಂತೆ, ಅದ್ಕೇ ಗಟ್ಟಿ ಇದ್ದೆ, ಅಕ್ಕಾ."

ಹೊನ್ನಕ್ಕನಿಗೆ ಮಾತು ಹಿಡಿಸಿತು. ಮರುದಿನ ತಾವೇ ತಮ್ಮನನ್ನು ರಸ್ತೆಗೆ ಎಳೆದುಕೊಂಡು ಹೋದರು. ರೂಪೇಶ ಬೈಕು ನಿಲ್ಲಿಸುತ್ತಲೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂಗಿದರು: "ಇವಂಗೆ ಹಾರ್ಟು! ಹತ್ತಿಸ್ಕಂಡ್ರೆ ನೋಡು ಮತ್ತೆ!" ರೂಪೇಶ ಬೈಕು ತಿರುಗಿಸಿದವನು ಹಿಂದೆ ನೋಡಲಿಲ್ಲ.

ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು. ಅಲ್ಲಿಂದ ಗಾಡಿ ನಿಲ್ಲಿಸುವವರಿಲ್ಲ. ಈಗ ಸೋಮು ಚಪ್ಪಲಿ ಸರಿಮಾಡಿಕೊಳ್ಳಲು ನಿಂತರೂ ಪ್ರತಿ ಅಂಗಳದಿಂದ ಕೂಗು ಬರುತ್ತದೆ: "ನಡೀರಿ ಸೋಮಣ್ಣ, ನಿಲ್ಬೇಡಿ!"

ಮುಂದಿನ ತಪಾಸಣೆಯಲ್ಲಿ ಡಾಕ್ಟರಿಗೆ ಖುಷಿಯೋ ಖುಷಿ. ಬಿಪಿ, ಕೊಲೆಸ್ಟ್ರಾಲ್ ಎಲ್ಲ ಹದಕ್ಕೆ ಬಂದಿದ್ದವು. "ಮಾತ್ರೆ, ನಡಿಗೆ ಎರಡೂ ಹೀಗೇ ಮುಂದುವರಿಸಿ. ಏನಾದರೂ ಕೇಳೋದಿದೆಯೇ?"

"ಆಯ್ತವಾರ ಒಂದಿನ ರಸ್ತೇಲಿ ಸ್ವಲ್ಪ ನಿಂತ್ಕಂಡ್ರೆ ತೊಂದ್ರೆ ಇಲ್ಲ ಅಲ್ದಾ?" ಎಂದರು ಸೋಮು.

ಡಾಕ್ಟರು ಅನುಮಾನದಿಂದ ಇನ್ನೊಮ್ಮೆ ನಾಡಿ ಹಿಡಿದು ನೋಡಿದರು.