ಕಳ್ಳರ ಸಂಘದ ನೋಟ್‌ಬುಕ್ಕು

ಆ ಆಟ ನಮ್ಮ ಕೋಣೆಗೆ ಬಂದದ್ದು ಪುಣೆಯಿಂದ, ಯಾರದೋ ಬ್ಯಾಗಿನಲ್ಲಿ, ಝೆರಾಕ್ಸ್ ಹಾಳೆಗಳ ಕಟ್ಟಾಗಿ. ಬೈಲಹೊಂಗಲದಲ್ಲಿ ಡಿಗ್ರಿ ಓದುತ್ತಿದ್ದ ನಾವು ನಾಲ್ವರು ಒಂದೇ ಬಾಡಿಗೆ ಕೋಣೆಯಲ್ಲಿದ್ದೆವು. ಒಬ್ಬ ಕತೆ ಹೇಳಬೇಕು. ಉಳಿದವರು ಅದರೊಳಗೆ ಮಾಂತ್ರಿಕನೋ ಯೋಧನೋ ಕಳ್ಳನೋ ಆಗಬೇಕು. ಹೂಡಿದ ಕೆಲಸ ಕೈಗೂಡಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ಕತೆ ಹೇಳುವವನು ನಾನು. ದೊಡ್ಡ ಮಾತುಗಾರ ನೋಡಿ!

ಆ ಹಾಳೆಗಳಲ್ಲಿದ್ದ ಊರುಗಳು, ಹೆಸರುಗಳು ನಮ್ಮ ನಾಲಿಗೆಗೆ ಹೊರಳಲಿಲ್ಲ. ಕೋಟೆಗೆ ಕಿತ್ತೂರು, ಪೇಟೆಗೆ ಬೈಲಹೊಂಗಲ ಎಂದು ಮಾಡಿಕೊಂಡೆವು. ಪಾತ್ರಗಳಿಗೆ ನಮ್ಮ ನಮ್ಮ ಹೆಸರುಗಳೇ. ಎಲ್ಲವನ್ನೂ ನಾನೇ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ.

ನಮ್ಮಲ್ಲೊಬ್ಬ ರಾಮದುರ್ಗದ ಕಡೆಯವನು. ಬ್ರಿಟಿಷರು ಇಡೀ ಜಾತಿಯನ್ನೇ ಕಳ್ಳರೆಂದು ಕಾಗದದಲ್ಲಿ ಬರೆದಿಟ್ಟಿದ್ದರಲ್ಲ, ಅಂಥವರ ಓಣಿಯವನು. ಅವನ ಮುತ್ಯಾ, ಅಂದರೆ ಅಜ್ಜ, ದಿನಾ ಠಾಣೆಗೆ ಹೋಗಿ ಹಾಜರಿ ಕೊಡಬೇಕಾಗಿತ್ತಂತೆ.

"ನಾ ಕೋಟಿ ಕಾವಲಿಗೆ ನಿಂದರತೇನಿ," ಅಂದ ಅವನು ಮೊದಲ ದಿನವೇ.

"ಸುಮ್ಮನ ಕುಂದರಲೇ. ಕಳ್ಳರ ಸಂಘಕ್ಕ ನೀನ ನಾಯಕ. ನಿಮ್ಮ ರಕ್ತದಾಗ ಐತಿ," ಅಂದೆ ನಾನು.

ಉಳಿದಿಬ್ಬರೂ ಬಿದ್ದು ಬಿದ್ದು ನಕ್ಕರು. ಅವನೂ ನಕ್ಕ. ನನ್ನ ಬಾಯಿಗಿಷ್ಟು ಮಣ್ಣು ಬೀಳಲಿ.

ಆದರೆ ಏನು ಆಡಿದ ಅಂತೀರಿ! ಭಾನುವಾರ ಮಧ್ಯಾಹ್ನ ಚಾಪೆಯ ಮೇಲೆ ಕೂತು ಸಂಘಕ್ಕೆ ತಾನೇ ಕಟ್ಟಳೆ ಮಾಡಿದ. ಬಡವರ ಮನೆಗೆ ಕೈ ಹಾಕಬಾರದು, ಹಬ್ಬದ ದಿನ ಕದಿಯಬಾರದು. ನಾವು ಊಟ ಮರೆತು ಕೇಳುತ್ತಿದ್ದೆವು.

ಅದೇ ವರ್ಷ ಅವನೂ ನಾನೂ ಕಾನ್‌ಸ್ಟೇಬಲ್ ಪರೀಕ್ಷೆ ಬರೆದೆವು, ಇಬ್ಬರ ಹೆಸರೂ ಪಟ್ಟಿಗೆ ಬಂತು. ಆ ಓಣಿಯಿಂದ ಪೊಲೀಸರಾಗುವವರಲ್ಲಿ ಅವನೇ ಮೊದಲಿಗ. ಅವನವ್ವ ಸವದತ್ತಿ ಗುಡ್ಡಕ್ಕೆ ಹೋಗಿ ದೇವಿಗೆ ಉಡಿ ತುಂಬಿ ಬಂದಳು.

ನಡತೆ ವಿಚಾರಿಸಲು ಹವಾಲ್ದಾರರೊಬ್ಬರು ಕೋಣೆಗೆ ಬಂದರು. ಅವನ ಊರು ಕೇಳಿದರು, ಓಣಿ ಕೇಳಿದರು, ಮುಖ ಗಂಟಿಕ್ಕಿದರು. ಕಾಟಿನ ಮೇಲೆ ನೋಟ್‌ಬುಕ್ಕು ತೆರೆದೇ ಬಿದ್ದಿತ್ತು. ಮೇಲೆ ಕಳ್ಳರ ಸಂಘ ಎಂದಿತ್ತು, ಕೆಳಗೆ ನಾಯಕನೆಂದು ಅವನ ಪೂರ್ತಿ ಹೆಸರು. ಪಕ್ಕದಲ್ಲಿ ಪೇಟೆಯ ಅಂಗಡಿಗಳ ನಕ್ಷೆ, ಎಲ್ಲಿಂದ ಒಳಗಿಳಿಯಬೇಕೆಂಬ ಬಾಣದ ಗುರುತು.

"ಇದನ್ಯಾರು ಬರದದ್ದು?"

"ಆಟರೀ ಸರ, ಖರೇನ ಬರೇ ಆಟ," ಅಂದು ಅವನು ನನ್ನ ಕಡೆ ನೋಡಿದ.

"ನನಗ ಗೊತ್ತಿಲ್ಲರಿ," ಅಂದೆ ನಾನು.

ಅಕ್ಷರ ನನ್ನವು. ನನ್ನ ನೌಕರಿಯೂ ಹೋದೀತೆಂಬ ಹೆದರಿಕೆ, ಮತ್ತೇನೂ ಅಲ್ಲ. ಹವಾಲ್ದಾರರು ನೋಟ್‌ಬುಕ್ಕನ್ನು ಚೀಲಕ್ಕೆ ಹಾಕಿಕೊಂಡು ಹೋದರು.

ನನಗೆ ಆರ್ಡರ್ ಬಂತು. ಅವನಿಗೆ ಬರಲಿಲ್ಲ, ನಡತೆಯ ವರದಿ ಸರಿಯಿಲ್ಲ ಅಂದರಂತೆ. ಹವಾಲ್ದಾರರು ಬಂದು ಹೋದ ಮೇಲೆ ಅವನು ಕೋಣೆ ಬಿಟ್ಟು ಪೇಟೆಯಲ್ಲೇ ನೆಂಟರ ಮನೆ ಸೇರಿದ್ದ. ಸುದ್ದಿ ತಿಳಿದ ದಿನ ಕೋಣೆಗೆ ಬಂದ. ಬೈಯಲಿಲ್ಲ, ನನ್ನ ಕೊರಳಪಟ್ಟಿ ಹಿಡಿಯಲಿಲ್ಲ. ಎರಡು ಏಟು ಹಾಕಿದ್ದರೆ ಎಷ್ಟೋ ಚಲೋ ಇತ್ತು.

"ಅದು ಆಟ, ಬರದಾಂವ ನಾನ ಅಂತ ನಾಕ ಸಾಲು ಬರದು ಸಹಿ ಹಾಕಿ ಕೊಡೋ. ಸಾಹೇಬರ ಮುಂದ ಇಡತೇನಿ. ಅಷ್ಟ ಸಾಕು."

"ನಾಳೆ ಹತ್ತಕ್ಕ ಬಾ," ಅಂದೆ. "ಬರದಿಟ್ಟಿರತೇನಿ."

ಅವನು ನನ್ನ ಎರಡೂ ಕೈ ಹಿಡಿದು ಒತ್ತಿ ಹೋದ. ಮರುದಿನ ನಾನು ಟ್ರಂಕು ಹೊತ್ತುಕೊಂಡು ಎಂಟರ ಬೆಳಗಾವಿ ಬಸ್ಸು ಹತ್ತಿದೆ.