ಕ್ರ್ಯಾನ್‌ಬೆರಿ ತಿಂದು ಬಂದ ಟೀಚರ್

ಹುಳಿ ನಾಲಿಗೆಗೆ ತಾಗಿದರೆ ಎಲ್ಲರಿಗೂ ಎರಡೂ ಕಣ್ಣು ಮುಚ್ಚುತ್ತವೆ. ನಮ್ಮ ಗೃಹವಿಜ್ಞಾನದ ಟೀಚರಿಗೆ ಎಡಗಣ್ಣೊಂದೇ ಮುಚ್ಚುತ್ತಿತ್ತು. ಹುಣಸೆಹಣ್ಣಿಗೆ ಅರ್ಧ, ಮಾವಿನ ಮಿಡಿಗೆ ಮುಕ್ಕಾಲು, ಬಿಂಬುಳಿಗೆ ಪೂರ್ತಿ. ಬಲಗಣ್ಣು ಮಾತ್ರ ಆಗಲೂ ತೆರೆದೇ ಇದ್ದು, ಹಿಂದಿನ ಬೆಂಚಿನಲ್ಲಿ ಯಾರು ಪಿಸುಗುಡುತ್ತಿದ್ದಾರೆಂದು ನೋಡುತ್ತಿತ್ತು.

ಅರವತ್ತರ ದಶಕದ ಮೊದಲ ವರ್ಷಗಳು. ಭದ್ರಾವತಿಯ ಹೆಣ್ಣುಮಕ್ಕಳ ಹೈಸ್ಕೂಲು. ಅವರನ್ನು ನಾವೆಲ್ಲ ಮಿಸ್ ಎನ್ನುತ್ತಿದ್ದೆವು. ಕುಳ್ಳಗಿನ ಆಳು, ಕೈಮಗ್ಗದ ಸೀರೆ, ಸೊಂಟಕ್ಕೆ ಸಿಕ್ಕಿಸಿದ ಒಂದು ಚಮಚ. ಉಳಿದ ಟೀಚರುಗಳು ಸೀಮೆಸುಣ್ಣವಿಲ್ಲದೆ ತರಗತಿಗೆ ಬರುವುದಿಲ್ಲ, ಇವರು ಚಮಚವಿಲ್ಲದೆ ಬರುತ್ತಿರಲಿಲ್ಲ. "ತಿಂದು ನೋಡದ್ದನ್ನ ನಾನು ಪಾಠ ಮಾಡಲ್ಲ ಕಣ್ರೇ" ಎನ್ನುವುದು ಅವರ ವ್ರತ. ಹರಳೆಣ್ಣೆಯ ಪಾಠ ಬಂದಾಗ ಒಂದು ಚಮಚ ಕುಡಿದೇ ಶುರುಮಾಡಿದರು. ಪಾಠ ಅರ್ಧಕ್ಕೆ ನಿಂತಿತು. ಉಳಿದರ್ಧವನ್ನು ಎರಡು ದಿನ ಬಿಟ್ಟು, ಕುರ್ಚಿಯಲ್ಲಿ ಕೂತೇ ಮುಗಿಸಿದರು.

ನಾನು ಹೈಸ್ಕೂಲು ಮೆಟ್ಟಿಲು ಹತ್ತಿದ್ದೇ ಈ ವಿಷಯದ ದೆಸೆಯಿಂದ. ಅಪ್ಪ ಕಬ್ಬಿಣದ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ನಿಂತು ಕೆಲಸ ಮಾಡುವವರು. ಹುಡುಗಿಗೆ ಬೀಜಗಣಿತ ಯಾಕೆ ಎಂಬುದು ಅವರ ತಕರಾರು. ಶಾಲೆಯಲ್ಲಿ ಅಡುಗೆಯನ್ನೂ ಕಲಿಸುತ್ತಾರೆ ಎಂದು ಅಮ್ಮ ಉಪಾಯ ಮಾಡಿ ಹೇಳಿದ ಮೇಲೆ ಒಪ್ಪಿದರು. ಒಪ್ಪುವಾಗ ಒಂದು ಮೊಳೆ ಹೊಡೆದಿಟ್ಟರು: "ಆ ಅಡುಗೆ ಕ್ಲಾಸು ಎಂದು ನಿಲ್ಲುತ್ತೋ ಅವತ್ತು ನೀನೂ ಮನೇಲಿ ನಿಲ್ಲು." ಈ ಮಾತು ಹೇಗೋ ಮಿಸ್ ಕಿವಿಗೂ ಬಿದ್ದಿತ್ತು. ಅವರ ಕೆಲಸವೂ ಹಂಗಾಮಿಯೇ. ಗೃಹವಿಜ್ಞಾನವನ್ನು ಮುಂದುವರಿಸುವುದೋ ಬಿಡುವುದೋ ಎಂಬುದು ಆ ವರ್ಷದ ತಪಾಸಣೆಯ ಮೇಲೆ ನಿಂತಿತ್ತು.

ಅಂಥ ವರ್ಷದಲ್ಲೇ ಬಂದು ವಕ್ಕರಿಸಿತು ಕ್ರ್ಯಾನ್‌ಬೆರಿ. ನಮ್ಮ ಪಠ್ಯಪುಸ್ತಕವನ್ನು ಯಾರೋ ಪುಣ್ಯಾತ್ಮರು ಯಾವುದೋ ಶೀತದೇಶದ ಪುಸ್ತಕದಿಂದ ಅವಸರದಲ್ಲಿ ಕನ್ನಡಕ್ಕೆ ಇಳಿಸಿದ್ದರು. ಒಂಬತ್ತನೆಯ ಪಾಠದ ಕೊನೆಗೆ ಪ್ರಶ್ನೆ: ಕ್ರ್ಯಾನ್‌ಬೆರಿ ಮತ್ತು ಸೌತೆಕಾಯಿ, ಇವುಗಳ ಪೋಷಕಾಂಶಗಳನ್ನು ಹೋಲಿಸಿ. ಸೌತೆಕಾಯಿ ನಮ್ಮ ಹಿತ್ತಲಿನದು. ಕ್ರ್ಯಾನ್‌ಬೆರಿ ಹಣ್ಣೋ, ತರಕಾರಿಯೋ, ಮೀನೋ ನಮಗೆ ತಿಳಿಯದು. ಬೇರೆ ಯಾರಾದರೂ ಆಗಿದ್ದರೆ ಉತ್ತರ ಬರೆಸಿ ಕೈತೊಳೆದುಕೊಳ್ಳುತ್ತಿದ್ದರು. ಮಿಸ್ ಮಾತ್ರ ಪುಸ್ತಕ ಮುಚ್ಚಿಟ್ಟು, ಹತ್ತನೆಯ ಪಾಠ ಮೊದಲು ಮಾಡೋಣ ಎಂದರು.

ಆ ಭಾನುವಾರ ರೈಲು ಹತ್ತಿ ಶಿವಮೊಗ್ಗಕ್ಕೆ ಹೋದರು. ಗಾಂಧಿ ಬಜಾರಿನ ಹಣ್ಣಿನಂಗಡಿಗಳನ್ನೆಲ್ಲ ಜಾಲಾಡಿದರು. ಒಬ್ಬ ಸಾಹೇಬರು ಬೋರೆಹಣ್ಣು ತೋರಿಸಿ ಇದೇ ಅದು ಎಂದು ಆಣೆ ಮಾಡಿದರಂತೆ. ಇನ್ನೊಬ್ಬರು ನೇರಳೆ ತೋರಿಸಿದರು. ಮೂರನೆಯವರು, ಅಂಥ ಹಣ್ಣು ಕೇಳಿಕೊಂಡು ಬರುವವರು ಬಸುರಿಯರೇ ಇರಬೇಕು, ಎಷ್ಟು ತಿಂಗಳು ಎಂದು ವಿಚಾರಿಸಿದರು. ಮದುವೆಯಾಗದ ನಮ್ಮ ಮಿಸ್ ಇದನ್ನು ತರಗತಿಯಲ್ಲಿ ತಾವೇ ಹೇಳಿಕೊಂಡು ಮೇಜು ಹಿಡಿದು ನಕ್ಕರು.

ಕೊನೆಗೆ ಸಿಕ್ಕಿದ್ದು ಕಾಲಬುಡದಲ್ಲೇ. ಕಾರ್ಖಾನೆಯ ದೊಡ್ಡ ಕ್ವಾರ್ಟರ್ಸಿನಲ್ಲಿ ಪರದೇಶದ ಇಂಜಿನಿಯರ್ ಒಬ್ಬರಿದ್ದರು. ಅವರ ಹೆಂಡತಿಯ ಬಳಿ ತವರಿನಿಂದ ಬಂದ ಕ್ರ್ಯಾನ್‌ಬೆರಿ ಡಬ್ಬಿ ಇದೆಯೆಂದು ಅಲ್ಲಿನ ಅಡುಗೆಯವರಿಂದ ತಿಳಿಯಿತು. ಮಿಸ್ ಡಿಕ್ಷನರಿ, ಚಮಚ ಎರಡನ್ನೂ ಹಿಡಿದು ಹೋದರು. ಆಕೆಗೆ ಸೌತೆಕಾಯಿ ಕೋಸಂಬರಿ ಮಾಡುವುದನ್ನು ಕಲಿಸಿ, ಬದಲಿಗೆ ಒಂದು ಚಮಚ ಕೆಂಪು ತೊಕ್ಕು ತಂದರು. ಇಪ್ಪತ್ತೆರಡು ಹುಡುಗಿಯರಿಗೆ ತಲಾ ಬೆಂಕಿಕಡ್ಡಿಯ ತಲೆಯಷ್ಟು ಸಿಕ್ಕಿತು. ತಾವೂ ನಾಲಿಗೆಗೆ ತಾಗಿಸಿಕೊಂಡರು. ಎಡಗಣ್ಣು ಮುಕ್ಕಾಲು ಮುಚ್ಚಿತು.

"ಇದು ನಮ್ಮ ಕವಳೆಕಾಯಿ ಸಂಬಂಧ ಕಣ್ರೇ. ಅವರ ಊರಲ್ಲಿ ಹುಟ್ಟಿದೆ, ಅಷ್ಟೇ" ಎಂದರು.

ಸಂಬಂಧ ಕುದುರಿದ ಮೇಲೆ ಕೆಲಸ ಸಲೀಸು. ಬೇಸಿಗೆ ಶುರುವಾಗಿ, ಕುರುಚಲು ಕಾಡಿನ ಮುಳ್ಳುಪೊದೆಗಳಲ್ಲಿ ಕವಳೆ ಕೆಂಪೇರುತ್ತಿತ್ತು. ಇಪ್ಪತ್ತು ತೊಲ ಕವಳೆ, ಇಪ್ಪತ್ತು ತೊಲ ಸೌತೆಕಾಯಿ ತೂಗಿ, ಹೆಚ್ಚಿ, ಎರಡು ಮೊರಗಳಲ್ಲಿ ಬಿಸಿಲಿಗಿಟ್ಟೆವು. ನೀರು ಹೋದ ಮೇಲೆ ಉಳಿಯುವುದೆಷ್ಟು ಎಂದು ನೋಡುವುದು. ಕಾವಲಿಗೆ ಸರದಿ. ನನ್ನ ಸರದಿಯಲ್ಲಿ ನಾನು ಜಡೆ ಬಿಚ್ಚಿ ಹೆಣೆದುಕೊಳ್ಳುತ್ತಿದ್ದಾಗ ಮಂಗ ಬಂದು ಸೌತೆಕಾಯಿಯಷ್ಟನ್ನೂ ತಿಂದು, ಕವಳೆಯನ್ನು ಮೂಸಿ ಬಿಟ್ಟುಹೋಯಿತು. ಬೈಗುಳಕ್ಕೆ ಹೆದರಿ ನಾನು ನೋಟುಬುಕ್ಕಿನಲ್ಲಿ, ಒಣಗಿದ ಸೌತೆಕಾಯಿಯ ತೂಕ: ಸೊನ್ನೆ ಎಂದು ಬರೆದೆ. ಉಳಿದ ಇಪ್ಪತ್ತೊಂದು ಮಂದಿ ಅದನ್ನೇ ನಕಲು ಮಾಡಿದರು. ಮಿಸ್ ಎಲ್ಲ ಪುಸ್ತಕಗಳನ್ನೂ ತಿದ್ದಿ, ಮಂಗನಿಗೂ ಒಂದು ನೋಟುಬುಕ್ಕು ಕೊಡಬೇಕಿತ್ತು ಎಂದಷ್ಟೇ ಹೇಳಿ ಮತ್ತೆ ಮೊರ ಹರಡಿಸಿದರು.

ಎರಡನೆಯ ಸಲ ಕವಳೆ ಮೂರು ತೊಲ ಉಳಿಯಿತು, ಸೌತೆಕಾಯಿ ಒಂದು ತೊಲದ ಆಸುಪಾಸು. ಸಿ ಜೀವಸತ್ವ ಎಷ್ಟಿದೆಯೆಂದು ತಮ್ಮ ತಕ್ಕಡಿಗೆ ತಿಳಿಯದು, ಅಷ್ಟರ ಮಟ್ಟಿಗೆ ಪುಸ್ತಕವನ್ನು ನಂಬಿ ಎಂದರು ಮಿಸ್. ನಾವು ಸೌತೆಕಾಯಿಯನ್ನು ಬರೀ ನೀರು ಎಂದು ಗೇಲಿ ಮಾಡಿದೆವು. ಮಿಸ್‌ಗೆ ನಿಜವಾಗಿಯೂ ಸಿಟ್ಟು ಬಂತು. "ನೀರು ಅಂದ್ರೆ ಅಗ್ಗನಾ? ಯಾವುದು ಒಳ್ಳೇದು ಅಂತ ಕೇಳಬೇಡಿ. ಯಾರಿಗೆ, ಯಾವಾಗ ಒಳ್ಳೇದು ಅಂತ ಕೇಳಿ" ಎಂದರು. ಅವರಿಂದ ಕಲಿತದ್ದರಲ್ಲಿ ಇದೊಂದು ನನ್ನ ತಲೆಯಲ್ಲಿ ಗಟ್ಟಿಯಾಗಿ ಕೂತಿತು, ಬೇಕಾದ್ದಕ್ಕಿಂತ ಗಟ್ಟಿಯಾಗಿ.

ತಪಾಸಣೆಯ ದಿನ ಇನ್‌ಸ್ಪೆಕ್ಟ್ರೆಸ್ ಬಂದರು. ಇಸ್ತ್ರಿ ಮಾಡಿದ ಸೀರೆ, ಇಸ್ತ್ರಿ ಮಾಡಿದ ಮುಖ. ಪುಸ್ತಕ ತೆರೆದು, ನನ್ನನ್ನೇ ಎಬ್ಬಿಸಿ, ಕ್ರ್ಯಾನ್‌ಬೆರಿ, ಸೌತೆಕಾಯಿ ಇವುಗಳಲ್ಲಿ ಯಾವುದು ಶ್ರೇಷ್ಠ ಎಂದು ಕೇಳಿದರು. ಕ್ರ್ಯಾನ್‌ಬೆರಿಯಲ್ಲಿ ಸಿ ಜೀವಸತ್ವವೂ ನಾರೂ ಹೆಚ್ಚು ಎಂದು ಒಂದು ಸಾಲು ಹೇಳಿ ಕೂತಿದ್ದರೆ ಮುಗಿಯುತ್ತಿತ್ತು. ನಾನು, "ಯಾರಿಗೆ ಮೇಡಂ?" ಎಂದೆ. ಆಮೇಲೆ ನನ್ನನ್ನು ಹಿಡಿಯುವವರಿರಲಿಲ್ಲ. ಒಸಡಿನಲ್ಲಿ ರಕ್ತ ಬರುವ ನನ್ನ ಅಜ್ಜಿಗಾದರೆ ಕವಳೆ, ಕುಲುಮೆ ಮುಂದೆ ಬೆವರಿಳಿಸುವ ಅಪ್ಪನಿಗಾದರೆ ಉಪ್ಪು ಹಚ್ಚಿದ ಸೌತೆಕಾಯಿ ಎಂದು ಒಂದೇ ಉಸಿರಿಗೆ ಒದರಿದೆ.

ಆಕೆ ಪುಟ ತಿರುವಿದರು. "ಕವಳೆ ಯಾವ ಪುಟದಲ್ಲಿದೆ?"

"ಪುಟದಲ್ಲಿಲ್ಲ ಮೇಡಂ, ಮೊರದಲ್ಲಿದೆ."

ತರಗತಿ ಗೊಳ್ಳೆಂದಿತು. ನಾನು ತಮಾಷೆ ಮಾಡಿರಲಿಲ್ಲ, ಮೊರ ನಿಜವಾಗಿಯೂ ಕಿಟಕಿಯಾಚೆ ಇತ್ತು. ಇನ್‌ಸ್ಪೆಕ್ಟ್ರೆಸ್ ನಗಲಿಲ್ಲ. ಪಠ್ಯ ಬಿಟ್ಟು ಕಾಡುಕಾಯಿ ಕಲಿಸುವ ಈ ತರಗತಿ ದಂಡ, ಮುಂದಿನ ಜೂನಿನಿಂದ ಮುಚ್ಚಬಹುದು ಎಂದು ಬರೆಯುವುದಾಗಿ ಹೇಳಿ ಹೆಡ್‌ಮಿಸ್ ಕೋಣೆಗೆ ಹೊರಟರು. ಮಿಸ್ ನನ್ನ ಕಡೆ ಒಮ್ಮೆ ನೋಡಿ, ಅವರ ಹಿಂದೆಯೇ ಹೋದರು.

ಸುದ್ದಿ ಕಾರ್ಖಾನೆಗೂ ಮುಟ್ಟಿತು. ಎರಡು ದಿನ ಬಿಟ್ಟು ಅಪ್ಪ ಖಾಕಿ ಬಟ್ಟೆಯಲ್ಲೇ ನನ್ನ ಟೀಸಿ ಕೇಳಲು ಬಂದರು. ಹೆಡ್‌ಮಿಸ್ ಒಂದು ಕಾಗದದ ಪ್ರತಿಯನ್ನು ಮುಂದಿಟ್ಟರು. ತಪ್ಪು ವಿಷಯದ್ದಲ್ಲ, ಕಲಿಸಿದ ತನ್ನದು ಎಂದು ಅದರಲ್ಲಿತ್ತು. ಪುಸ್ತಕದಂತೆಯೇ ಕಲಿಸುವ ಬೇರೊಬ್ಬರನ್ನು ನೇಮಿಸಿ ತರಗತಿಯನ್ನು ಉಳಿಸಬೇಕು ಎಂದು ಮಿಸ್ ತಮ್ಮ ಕೈಯಾರೆ ಬರೆದು ಸಹಿ ಹಾಕಿದ್ದರು. ಇನ್‌ಸ್ಪೆಕ್ಟ್ರೆಸ್ ಒಪ್ಪಿದ್ದರು. ತರಗತಿ ಉಳಿಯಿತು, ಮಿಸ್ ಉಳಿಯಲಿಲ್ಲ. ಅಪ್ಪ ಅದನ್ನು ಎರಡು ಸಲ ಓದಿ, ಟೀಸಿಯ ಮಾತೆತ್ತದೆ ಎದ್ದರು.

ಆಮೇಲೆ ಮಿಸ್ ಹುಬ್ಬಳ್ಳಿ ಕಡೆ ಯಾವುದೋ ಶಾಲೆ ಸೇರಿದರು. ವರ್ಷಕ್ಕೊಂದು ಕಾರ್ಡು ಬರೆಯುತ್ತಿದ್ದರು, ಕ್ಷೇಮಸಮಾಚಾರ ಕಾಲು ಭಾಗ, ಅಲ್ಲಿನ ಸೊಪ್ಪುಗಳ ವಿಚಾರ ಮುಕ್ಕಾಲು ಭಾಗ. ನಾನು ಓದಿದೆ, ಅದೇ ವಿಷಯದ ಟೀಚರಾದೆ, ಮೂವತ್ತು ವರ್ಷ ಸಂಬಳ ತಿಂದೆ. ಒಂದು ವರ್ಷ ಕಾರ್ಡು ಬರಲಿಲ್ಲ. ವಿಚಾರಿಸಿದಾಗ ತೀರಿಕೊಂಡು ಏಳು ತಿಂಗಳಾಗಿತ್ತು. ನನ್ನ ಅಧಿಕಪ್ರಸಂಗಕ್ಕೆ ಅವರು ಕೆಲಸ ಕಳೆದುಕೊಂಡರು, ಅವರ ಸಹಿಯಿಂದ ನಾನು ಕೆಲಸ ಪಡೆದೆ. ಕ್ಷಮಿಸಿ ಎಂದು ನಾನು ಯಾವ ಕಾರ್ಡಿನಲ್ಲೂ ಬರೆಯಲಿಲ್ಲ. ಇವತ್ತು ಬರೆಯುತ್ತಿದ್ದೇನೆ.

ಅವರು ಊರು ಬಿಟ್ಟ ದಿನ ಭದ್ರಾವತಿ ಸ್ಟೇಷನ್ನಿಗೆ ಅಪ್ಪನೇ ನನ್ನನ್ನು ಕರೆದುಕೊಂಡು ಹೋಗಿದ್ದರು. ಕಿಟಕಿಯ ಹತ್ತಿರ ನಿಂತು, "ಇವಳನ್ನ ಬಿಡಿಸಲ್ಲ ಟೀಚರಮ್ಮ. ಎಷ್ಟು ಓದ್ತಾಳೋ ಓದ್ಲಿ" ಎಂದರು. ನಾನು ಕಿಟಕಿಯ ಸರಳು ಹಿಡಿದು ಬಿಕ್ಕಿ ಬಿಕ್ಕಿ ಅಳುತ್ತಿದ್ದೆ. ಮಿಸ್ ಸೆರಗಿನಿಂದ ನನ್ನ ಕೆನ್ನೆ ಒರೆಸಿದರು. ಅವರ ಎರಡೂ ಕಣ್ಣು ಕೆಂಪಗಿದ್ದವು.

"ಸಾಕು ಬಿಡೇ ಮಾರಾಯ್ತಿ" ಎಂದರು, "ಮೈಯಲ್ಲಿರೋ ಉಪ್ಪೆಲ್ಲ ಹೋಗುತ್ತೆ."